ಸೌತ್ ಲುವಾಂಗ್ವಾದಲ್ಲಿ ಚಿರತೆ ನೋಡಲು ಯಾವ ತಿಂಗಳು ಹೋಗಬೇಕು?

ಆಫ್ರಿಕಾದ ಜಾಂಬಿಯಾದಲ್ಲಿರುವ ಸೌತ್ ಲುವಾಂಗ್ವಾ ರಾಷ್ಟ್ರೀಯ ಉದ್ಯಾನಕ್ಕೆ ಒಂದೇ ಸಲ ಹೋಗೋದಾದರೆ ಚಿರತೆಗೆ ಜೂನ್ ಒಳ್ಳೆಯದೋ ಅಕ್ಟೋಬರೋ ಅಂತ ಕೇಳಿದ್ದೀರಿ. ನಾನಾದರೆ ಎರಡನ್ನೂ ಬಿಟ್ಟು ಸೆಪ್ಟೆಂಬರ್ ಅನ್ನುತ್ತೇನೆ.

ಅಲ್ಲಿ ನವೆಂಬರಿನಿಂದ ಏಪ್ರಿಲ್‌ವರೆಗೆ ಮಳೆಗಾಲ. ಜೂನ್‌ನಲ್ಲಿ ಮಳೆ ನಿಂತಿದ್ದರೂ ಹುಲ್ಲು ಇನ್ನೂ ಎತ್ತರವಿರುತ್ತದೆ, ಒಳಗಿನ ಹೊಂಡಗಳಲ್ಲಿ ನೀರಿರುತ್ತದೆ. ಹಾಗಾಗಿ ಇಂಪಾಲಾ, ಪುಕು ಎಂಬ ಕೆಂಚು ಹುಲ್ಲೆ ಎಲ್ಲ ಕಾಡಿನ ತುಂಬ ಚದುರಿರುತ್ತವೆ. ಸೆಪ್ಟೆಂಬರ್ ಹೊತ್ತಿಗೆ ಹುಲ್ಲು ಒಣಗಿ ಮಲಗಿರುತ್ತದೆ, ಹೊಂಡಗಳು ಬತ್ತುತ್ತಾ ಬಂದು ಪ್ರಾಣಿಗಳೆಲ್ಲ ಲುವಾಂಗ್ವಾ ನದಿಯ ದಂಡೆಗೆ ಸೇರುತ್ತವೆ. ಅಕ್ಟೋಬರಿನಲ್ಲಿ ಇದು ಇನ್ನೂ ಜಾಸ್ತಿ, ನಿಜ. ಆದರೆ ಮಧ್ಯಾಹ್ನ 40 ಡಿಗ್ರಿ ದಾಟುವ ದಿನಗಳಿರುತ್ತವೆ. ಚಿರತೆ ಬೆಳಗ್ಗೆ ಬೇಗನೆ ದಟ್ಟ ನೆರಳು ಹಿಡಿದು ಮಲಗಿಬಿಡುತ್ತದೆ, ಬೆಳಗಿನ ಸಫಾರಿಯಲ್ಲಿ ನಿಮಗೆ ಉಳಿಯೋದು ಮೊದಲ ಒಂದೆರಡು ಗಂಟೆ ಅಷ್ಟೇ.

ಸೆಪ್ಟೆಂಬರಿಗೆ ಇನ್ನೊಂದು ಕಾರಣ ಸಾಸೇಜ್ ಮರ. ನಮ್ಮ ಲಾಲ್‌ಬಾಗ್‌ನಲ್ಲೂ ಇದೆ: ಹಗ್ಗದಂಥ ಉದ್ದ ತೊಟ್ಟಿನಲ್ಲಿ ಸೋರೆಕಾಯಿಯಂಥ ಕಾಯಿ ತೂಗುವ ಮರ. ಲುವಾಂಗ್ವಾದಲ್ಲಿ ಹೆಚ್ಚುಕಡಿಮೆ ಆಗಸ್ಟ್‌ನಿಂದ ಅದು ಹೂ ಬಿಡುತ್ತದೆ. ಅಂಗೈ ತುಂಬುವಷ್ಟು ದೊಡ್ಡ, ಕಡು ಕೆಂಪು ಹೂ. ರಾತ್ರಿ ಅರಳಿ ಬೆಳಗಾಗುವಷ್ಟರಲ್ಲಿ ನೆಲಕ್ಕೆ ಬಿದ್ದಿರುತ್ತದೆ. ಬೇರೆ ಮೇವೆಲ್ಲ ಒಣಗಿರುವ ಆ ಹೊತ್ತಿನಲ್ಲಿ ಇಂಪಾಲಾಗಳೂ ಪುಕುಗಳೂ ಆ ರಸಭರಿತ ಹೂವಿಗಾಗಿ ಬುಡಕ್ಕೇ ಬರುತ್ತವೆ. ಚಿರತೆ ಇದನ್ನು ಬಲ್ಲದು. ಕೊಂಬೆಯ ಮೇಲೆ ಎಲೆಗಳ ನಡುವೆ ಕಾದಿದ್ದು ನೇರ ಕೆಳಕ್ಕೆ ಹಾರುತ್ತದೆ. ಆದ್ದರಿಂದ ಹೂ ಬಿದ್ದ ಮರ ಕಂಡರೆ ಬುಡ ನೋಡಿ ಮುಂದೆ ಹೋಗಬೇಡಿ, ದಪ್ಪ ಅಡ್ಡಕೊಂಬೆಗಳನ್ನು ದುರ್ಬೀನಿನಲ್ಲಿ ಒಂದೊಂದಾಗಿ ನೋಡಿ. ಸಾಮಾನ್ಯವಾಗಿ ಮೊದಲು ಕಾಣೋದು ಜೋಲುಬಿದ್ದ ಬಾಲ.

ಇಷ್ಟಾದರೂ ಅಲ್ಲಿ ಚಿರತೆ ಕಣ್ಣಿಗಿಂತ ಮೊದಲು ಕಿವಿಗೆ ಸಿಗುತ್ತದೆ. ಚಿರತೆ ಕಂಡರೆ ಇಂಪಾಲಾ ಮೂಗಿನಿಂದ ಗೊರ್ ಎಂದು ಜೋರಾಗಿ ಸೀನುತ್ತದೆ, ಪುಕು ಸಿಳ್ಳೆ ಹಾಕುತ್ತದೆ, ಬಬೂನ್ ಕೋತಿ ಬೊಗಳುತ್ತದೆ. ಒಂದೇ ಸಿಳ್ಳೆಗೆ ಓಡಬೇಕಾಗಿಲ್ಲ. ಇಡೀ ಹಿಂಡು ಮೇವು ಬಿಟ್ಟು ಒಂದೇ ದಿಕ್ಕಿಗೆ ಮುಖ ಮಾಡಿ ನಿಂತು, ಸಿಳ್ಳೆ ನಿಲ್ಲದಿದ್ದರೆ ಮಾತ್ರ ಅವು ನೋಡುತ್ತಿರುವ ಕಡೆಗೆ ಹೋಗಬೇಕು. ಗೈಡ್ ಎಂಜಿನ್ ಆಫ್ ಮಾಡಿದಾಗ ದಯವಿಟ್ಟು ಮಾತು ನಿಲ್ಲಿಸಿ. ಎಷ್ಟೋ ಚಿರತೆಗಳು ತಪ್ಪಿಹೋಗೋದು ಅಲ್ಲೇ.

ಕಬಿನಿ, ಬಂಡೀಪುರದಲ್ಲಿ ಇಲ್ಲದ ಅನುಕೂಲ ಇಲ್ಲಿದೆ: ಕತ್ತಲಾದ ಮೇಲೂ ಸಫಾರಿ. ಮಧ್ಯಾಹ್ನ ನಾಲ್ಕರ ಸುಮಾರಿಗೆ ಹೊರಟರೆ ರಾತ್ರಿ ಎಂಟರವರೆಗೆ ಸುತ್ತಬಹುದು. ಸೂರ್ಯ ಆರಕ್ಕೆ ಮೊದಲೇ ಮುಳುಗುವುದರಿಂದ ಹೆಚ್ಚುಕಡಿಮೆ ಎರಡು ಗಂಟೆ ಕತ್ತಲು ಸಿಗುತ್ತದೆ. ಬೇಟೆಗೆ ಹೊಂಚುತ್ತಿರುವ ಚಿರತೆ ಸಿಕ್ಕರೆ ಸ್ಪಾಟ್‌ಲೈಟನ್ನು ಇಂಪಾಲಾ ಮೇಲೆ ಬಿಡಬಾರದು. ಹಗಲು ಪ್ರಾಣಿಯಾದ ಅದು ಬೆಳಕಿಗೆ ಕಣ್ಣು ಕತ್ತಲಿಟ್ಟು, ಚಿರತೆ ಕಾಣದೆ ಸುಮ್ಮನೆ ಸಾಯುತ್ತದೆ. ಬೆಳಕನ್ನು ಆರಿಸಿ ಅಥವಾ ಕೆಂಪು ಫಿಲ್ಟರ್ ಹಾಕಿ ಅಂತ ನೀವೇ ಕೇಳಬಹುದು, ಒಳ್ಳೆಯ ಗೈಡ್ ಅದಕ್ಕೆ ಬೇಸರಪಡುವುದಿಲ್ಲ.

ಫೋಟೋ ತೆಗೆಯುವವರು ರಾತ್ರಿ ಎಫ್6.3ರ ಉದ್ದ ಲೆನ್ಸ್ ಬಿಟ್ಟು, ಹೆಚ್ಚು ಬೆಳಕು ಹಿಡಿಯುವ 70-200 ಎಫ್2.8 ಲೆನ್ಸ್ ಹಾಕಿ. ಐಎಸ್‌ಓ 3200ರಿಂದ 6400, ಶಟರ್ 1/125ರ ಆಸುಪಾಸು, ಎಕ್ಸ್‌ಪೋಷರ್ ಒಂದರಿಂದ ಎರಡು ಸ್ಟಾಪ್ ಕಡಿಮೆ. ಸುತ್ತ ಕಪ್ಪು ಇರುವುದರಿಂದ ಕ್ಯಾಮೆರಾ ಮೋಸಹೋಗಿ ಚಿರತೆಯ ಮೈಯನ್ನು ಸುಣ್ಣದಂತೆ ಬಿಳಿ ಮಾಡಿಬಿಡುತ್ತದೆ. ಫ್ಲ್ಯಾಷ್ ಬೇಡವೇ ಬೇಡ.

ಕಡಿಮೆಯೆಂದರೆ ನಾಲ್ಕು ರಾತ್ರಿ ಇರಿ. ದಿನಕ್ಕೆ ಎರಡರಂತೆ ಏಳೆಂಟು ಸಫಾರಿ ಆಗುತ್ತವೆ. ಮರಕ್ಕೇರಿಸಿದ ಬೇಟೆ ಒಂದು ಕಂಡರೆ ಮಾರನೇ ಬೆಳಗ್ಗೆ ಮೊದಲು ಅಲ್ಲಿಗೇ ಹೋಗಿ, ಚಿರತೆ ಸಾಮಾನ್ಯವಾಗಿ ಅದನ್ನು ಮುಗಿಸುವವರೆಗೆ ಹತ್ತಿರದಲ್ಲೇ ಇರುತ್ತದೆ. ಬಟ್ಟೆ ಕಪ್ಪು, ಕಡುನೀಲಿ ಬೇಡ. ಕಚ್ಚಿ ರಕ್ತ ಹೀರುವ ತ್ಸೆತ್ಸೆ ನೊಣಗಳನ್ನು ಆ ಬಣ್ಣಗಳೇ ಸೆಳೆಯುತ್ತವೆ. ಮಲೇರಿಯಾ ಇರುವ ಜಾಗ, ಹೊರಡುವ ಮುಂಚೆ ಡಾಕ್ಟರ ಹತ್ತಿರ ಮಾತ್ರೆ ಬರೆಸಿಕೊಳ್ಳಿ.