ಟೇಕಾಫ್ ಆದ ಕೂಡಲೇ ಎಂಜಿನ್ ಕೈಕೊಟ್ಟರೆ ರನ್‌ವೇಗೇ ಯಾಕೆ ವಾಪಸ್ ತಿರುಗಿಸಲ್ಲ?

ಹಿಂದೆ ಅಷ್ಟುದ್ದ ರನ್‌ವೇ ಬಿದ್ದಿರುವಾಗ ಎದುರಿನ ಹೊಲಕ್ಕೆ ಯಾಕೆ ಇಳಿಸುತ್ತಾರೆ, ಅಸಲಿಗೆ ಪವರ್ ಬೀಳೋದಾದರೂ ಯಾಕೆ ಅಂತ ಕೇಳಿದ್ದೀರಿ. ನಾನು ಹಾಸನದವನು. ಬೆಂಗಳೂರಿನ ಜಕ್ಕೂರಿನಲ್ಲಿ ಸೆಸ್ನಾ 172 ಅನ್ನೋ ಒಂಟಿ ಎಂಜಿನ್ ಪುಟ್ಟ ವಿಮಾನ ಹಾರಿಸೋದು ಕಲಿಯುತ್ತಿದ್ದವನು ದುಡ್ಡು ಸಾಲದೆ ಅರ್ಧಕ್ಕೆ ಬಿಟ್ಟು ಬಂದೆ. ಈಗ ಪಂಪ್‌ಸೆಟ್ ರಿಪೇರಿ ಅಂಗಡಿ ಇದೆ. ಹಾಗಾಗಿ ಈ ಉತ್ತರ ಅರ್ಧ ಪೈಲಟ್‌ನದು, ಅರ್ಧ ಮೆಕ್ಯಾನಿಕ್‌ನದು.

ವಾಪಸ್ ಬರೋದು ಅಂದರೆ ಬೈಕಿನ ಯೂ ಟರ್ನ್ ಅಲ್ಲ. 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ವೇಗದಲ್ಲಿ 30 ಡಿಗ್ರಿ ವಾಲಿಸಿ ಅರ್ಧ ಸುತ್ತು ಹಾಕಿದರೆ ನೀವು ರನ್‌ವೇ ಮೇಲಿರಲ್ಲ, ಸುಮಾರು 400 ಮೀಟರ್ ಪಕ್ಕದಲ್ಲಿರುತ್ತೀರಿ. ಅದರ ಸಾಲಿಗೆ ಬರಲು ಇನ್ನಷ್ಟು ತಿರುಗಬೇಕು, ಆಮೇಲೆ ಉಲ್ಟಾ ತಿರುಗಿ ನೇರ ಮಾಡಬೇಕು. ತಿರುವು ಚಿಕ್ಕದಾಗಲಿ ಅಂತ 45 ಡಿಗ್ರಿ ವಾಲಿಸಿದಿರೋ, ನೇರ ಹಾರಾಟದಲ್ಲಿ 50 ನಾಟ್‌ಗೆ ಸ್ಟಾಲ್ ಆಗುವ (ರೆಕ್ಕೆಯ ಮೇಲೆತ್ತುವ ಬಲ ಕುಸಿಯುವ) ವಿಮಾನ 60ಕ್ಕೇ ಸ್ಟಾಲ್ ಆಗುತ್ತೆ. ನೆಲ ಹತ್ತಿರ ಬರುತ್ತಿದ್ದರೆ ಕೈ ತಾನಾಗೇ ಯೋಕನ್ನು, ಅಂದರೆ ಮೂಗು ಏರಿಸಿ ಇಳಿಸುವ ಹಿಡಿಯನ್ನು, ಎದೆಗೆ ಎಳೆದುಕೊಳ್ಳುತ್ತೆ, ವೇಗ ಇನ್ನೂ ಬೀಳುತ್ತೆ. ಜನ ಸಾಯೋದು ಅಲ್ಲೇ.

ನನ್ನ ಇನ್‌ಸ್ಟ್ರಕ್ಟರ್ ಒಂದು ದಿನ ಸಾಕಷ್ಟು ಎತ್ತರಕ್ಕೆ ಹೋದಮೇಲೆ, ಏರುತ್ತಿರುವಾಗಲೇ, ಏನೂ ಹೇಳದೆ ಥ್ರಾಟಲ್ ಪೂರ್ತಿ ಹಿಂದಕ್ಕೆ ಎಳೆದು ಪವರ್ ತೆಗೆದುಬಿಟ್ಟರು. ಒಂದು, ಎರಡು, ಮೂರು ಸೆಕೆಂಡ್. ನಾನಿನ್ನೂ ಅವರ ಕೈಯನ್ನೇ ನೋಡುತ್ತಿದ್ದೆ, ಮೂಗು ಮೇಲೇ ಇತ್ತು, ವೇಗದ ಮುಳ್ಳು ಇಳಿಯುತ್ತಿತ್ತು. ಆಮೇಲೆ ಮೂಗು ತಗ್ಗಿಸಿ, ತಿರುಗಿಸಿ, ಸರಿಮಾಡಿಕೊಳ್ಳೋ ಹೊತ್ತಿಗೆ 600 ಅಡಿ ಹೋಗಿತ್ತು. 'ಈಗ ನೀನು ನೆಲದೊಳಗೆ ನೂರಡಿ ಕೆಳಗಿದ್ದೀಯ' ಅಂದರು, ನಗದೆ. 500 ಅಡಿಯಲ್ಲಿ ಎಂಜಿನ್ ನಿಂತಿತು ಅನ್ನೋದು ಅವರ ಲೆಕ್ಕ.

ಪೂರ್ತಿ ನಿಂತ ಎಂಜಿನ್‌ಗಿಂತ ಅರ್ಧಂಬರ್ಧ ಓಡುವುದೇ ಮೋಸ. ನಿಂತರೆ ಆಸೆ ಬಿಡುತ್ತೀರಿ, ಹೊಲ ಹುಡುಕುತ್ತೀರಿ. ಕೆಮ್ಮುತ್ತಾ ಓಡುತ್ತಿದ್ದರೆ 'ರನ್‌ವೇ ಇಷ್ಟು ದೂರ ತಾನೆ' ಅನ್ನಿಸುತ್ತೆ. ಆಸ್ಟ್ರೇಲಿಯಾದ ಸಾರಿಗೆ ಸುರಕ್ಷತಾ ಬ್ಯೂರೋ 2000ದಿಂದ 2010ರವರೆಗಿನ ಒಂಟಿ ಎಂಜಿನ್ ವಿಮಾನಗಳ ಲೆಕ್ಕ ತೆಗೆದಿತ್ತು: ಟೇಕಾಫ್ ನಂತರ ಪೂರ್ತಿ ನಿಂತ 75 ಪ್ರಕರಣಗಳಲ್ಲಿ ಪ್ರಾಣಹಾನಿಯ ಅಪಘಾತ ಒಂದೂ ಇಲ್ಲ, ಅರೆಬರೆ ಪವರ್ ಹೋದ 242ರಲ್ಲಿ 9.

ಇನ್ನು ಕಾರಣ. ನಮ್ಮ ಕಡೆ ಎಂಜಿನ್ ಸರಿಯಿದ್ದರೂ ಪವರ್ ಕಮ್ಮಿಯೇ. ಹಾಸನ ಸಮುದ್ರಮಟ್ಟದಿಂದ ಸುಮಾರು 3,100 ಅಡಿ ಮೇಲಿದೆ. ಬೇಸಿಗೆಯ 33 ಡಿಗ್ರಿ ಬಿಸಿಲಲ್ಲಿ ಗಾಳಿ 6,000 ಅಡಿಯಲ್ಲಿರುವಷ್ಟು ತೆಳು. ಟರ್ಬೋ ಇಲ್ಲದ ಎಂಜಿನ್‌ಗೆ ಐದರಲ್ಲೊಂದು ಭಾಗ ಶಕ್ತಿ ಅಲ್ಲೇ ಹೋಯಿತು. ಹಳೇ ಕಾರ್ಬ್ಯುರೇಟರ್ ಬೈಕಲ್ಲಿ ಇಬ್ಬರು ಮುಳ್ಳಯ್ಯನಗಿರಿ ಹತ್ತಿದ್ದರೆ ಗೊತ್ತಿರುತ್ತೆ. ಮಲೆನಾಡಿನ ತೇವದ ಹವೆಯಲ್ಲಂತೂ 20 ಡಿಗ್ರಿ ಇದ್ದರೂ ಕಾರ್ಬ್ಯುರೇಟರ್ ಒಳಗೆ ಮಂಜುಗಡ್ಡೆ ಕಟ್ಟಬಹುದು, ನಂಬಿ. ಅದಕ್ಕೇ ಹೊರಡುವ ಮುಂಚೆ ಕಾರ್ಬ್ ಹೀಟ್ (ಕಾರ್ಬ್ಯುರೇಟರ್‌ಗೆ ಬಿಸಿಗಾಳಿ ಬಿಡುವ ಹಿಡಿ) ಎಳೆದು ನೋಡೋದು. ಅರ್ಧ ರನ್‌ವೇ ಮುಗಿದರೂ ಹಾರುವ ವೇಗದ ನೂರಕ್ಕೆ ಎಪ್ಪತ್ತು ಬರದಿದ್ದರೆ ಥ್ರಾಟಲ್ ಮುಚ್ಚಿ ನಿಲ್ಲಿಸೋದೂ ಅಭ್ಯಾಸ.

ಆದರೆ ನನಗೆ ಹೆಚ್ಚು ಭಯ ಪೆಟ್ರೋಲಿಗೆ ಸೇರುವ ನೀರಿನದು. ಅರ್ಧ ಖಾಲಿ ಟ್ಯಾಂಕ್ ರಾತ್ರಿಯಿಡೀ ಹೊರಗೆ ನಿಂತರೆ ಒಳಗೇ ಹನಿ ಕಟ್ಟುತ್ತೆ. ಬೆಳಿಗ್ಗೆ ರೆಕ್ಕೆಯ ಕೆಳಗಿನ ಡ್ರೈನ್‌ಗೆ ಪ್ಲಾಸ್ಟಿಕ್ ಲೋಟ ಒತ್ತಿ ಸ್ವಲ್ಪ ತೆಗೆದು ಆಕಾಶಕ್ಕೆ ಹಿಡಿಯಬೇಕು. ವಿಮಾನದ ಪೆಟ್ರೋಲು ತಿಳಿ ನೀಲಿ, ನೀರಿದ್ದರೆ ತಳದಲ್ಲಿ ಬಣ್ಣವಿಲ್ಲದ ಗುಳ್ಳೆಯಾಗಿ ಉರುಳಾಡುತ್ತೆ. ಲೋಟದ ತುಂಬ ನೀರೇ ಬಂದರೆ ಎರಡರ ನಡುವಿನ ಗೆರೆಯೂ ಕಾಣಲ್ಲ, ಬಣ್ಣ ನೋಡಿಯೇ ಹಿಡಿಯಬೇಕು.

ಈಗಲೂ ಡೀಸೆಲ್ ಫಿಲ್ಟರ್ ಬಿಚ್ಚಿದರೆ ಮೊದಲು ಅದರ ಬೌಲನ್ನು ಬಾಗಿಲಿನ ಬೆಳಕಿಗೆ ಹಿಡಿದು ನೋಡುತ್ತೇನೆ. 'ಏನಣ್ಣ, ಪಂಪಿನ ಜಾತಕ ನೋಡ್ತಿದ್ದೀಯಾ' ಅಂತ ಗಿರಾಕಿಗಳು ರೇಗಿಸುತ್ತಾರೆ.