ಲಸಿಕೆಯ ನಂತರದ ಭುಜದ ನೋವು: ಯಾದಗಿರಿಯಿಂದ ಬಂದ ಪ್ರಶ್ನೆಗೆ ಪ್ರತಿಕ್ರಿಯೆ

ನಮಸ್ಕಾರ. ಖಾಸಗಿ ಆಸ್ಪತ್ರೆಯಲ್ಲಿ ಹಣ ಕೊಟ್ಟು ಧನುರ್ವಾಯು ಲಸಿಕೆ ಹಾಕಿಸಿಕೊಂಡ ಮರುದಿನದಿಂದಲೇ ನಿಮ್ಮ ತಾಯಿಯವರಿಗೆ ರೊಟ್ಟಿ ಬಡಿಯಲೂ ತೋಳು ಏಳುತ್ತಿಲ್ಲವೆಂದು ಬರೆದು, ಅಮೆರಿಕದ ಲಸಿಕೆ ಪರಿಹಾರ ಯೋಜನೆಯಿಂದ ಹಣ ಸಿಗುವುದೇ ಎಂದು ಕೇಳಿದ್ದೀರಿ. ಯಾದಗಿರಿಯಲ್ಲಿ ಹಾಕಿದ ಲಸಿಕೆಗೆ ಅದು ಅನ್ವಯಿಸುವುದಿಲ್ಲ. ಆ ಯೋಜನೆಯ ಪಟ್ಟಿಗೆ ಭುಜದ ಗಾಯವನ್ನು 2017ರಲ್ಲಿ ಸೇರಿಸಲಾಯಿತು. 48 ಗಂಟೆಗಳೊಳಗೆ ನೋವು ಶುರುವಾಗಿ ಉಳಿದ ಷರತ್ತುಗಳೂ ಪೂರೈಸಿದರೆ ಅಲ್ಲಿ ಯಾರ ತಪ್ಪನ್ನೂ ಸಾಬೀತುಪಡಿಸಬೇಕಾಗಿಲ್ಲ.

ನಿಮ್ಮ ದಾರಿ ಜಿಲ್ಲಾ ಗ್ರಾಹಕರ ಆಯೋಗ. ಅಲ್ಲಿ ನಿರ್ಲಕ್ಷ್ಯವನ್ನು ನೀವೇ ತೋರಿಸಬೇಕು, ಕಷ್ಟವಿರುವುದೂ ಇಲ್ಲಿಯೇ. ಸೂಜಿ ಭುಜದ ತುದಿಯ ಎಲುಬಿನಿಂದ ಎರಡು ಮೂರು ಬೆರಳು ಕೆಳಗೆ, ದಪ್ಪ ಸ್ನಾಯುವಿಗೆ ಹೋಗಬೇಕು. ತೀರಾ ಮೇಲೆ ಚುಚ್ಚಿದರೆ ಮದ್ದು ಕೀಲಿನ ಬಳಿಯ ಚೀಲಕ್ಕೆ ಸೇರಿ ಉರಿಯೂತವಾಗಬಹುದು. ಆದ್ದರಿಂದ ಲಸಿಕೆಯ ರಸೀದಿ, ಎಂಆರ್‌ಐ ವರದಿ, ನೋವು ಯಾವಾಗ ಆರಂಭವಾಯಿತು ಮತ್ತು ಮೊದಲು ಆ ಭುಜ ಸರಿಯಿತ್ತೇ ಎಂಬುದನ್ನು ಮೂಳೆ ತಜ್ಞರು ಬರೆದ ಚೀಟಿ, ಇವನ್ನು ಜೋಪಾನ ಮಾಡಿ. ಸಕ್ಕರೆ ಕಾಯಿಲೆಯಿದ್ದರೆ ಭುಜ ತಾನಾಗಿಯೇ ಬಿಗಿದುಕೊಂಡಿತೆಂದು ಎದುರಿನವರು ಖಂಡಿತ ವಾದಿಸುತ್ತಾರೆ.

ದೂರಿಗೆ ಎರಡು ವರ್ಷದ ಗಡುವಿದೆ. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಸರ್ಕಾರಿ ಆಸ್ಪತ್ರೆಯಾಗಿದ್ದರೆ, 1995ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಈ ಬಾಗಿಲು ಮುಚ್ಚಿರುತ್ತಿತ್ತು. ನೀವು ಹಣ ಕೊಟ್ಟಿದ್ದೀರಿ. ಮಹಿಳೆಯರಿಗೆ ಆದಾಯ ಎಷ್ಟೇ ಇದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ದೊರೆಯುತ್ತಾರಾದ್ದರಿಂದ, ತಾಯಿಯವರ ಹೆಸರಿನಲ್ಲಿಯೇ ಅರ್ಜಿ ಹಾಕಿ. ದಯವಿಟ್ಟು ಪ್ರಕರಣಕ್ಕಾಗಿ ಕಾಯುತ್ತಾ ಫಿಸಿಯೋಥೆರಪಿಯನ್ನು ಮಾತ್ರ ನಿಲ್ಲಿಸಬೇಡಿ.