ಪ್ರತಿಕ್ರಿಯೆ: ಮೊದಲ ವರ್ಷದಲ್ಲೇ ಶಾಲೆ ಬೇಡ

ಪರಭಾಷೆಯ ನಾಡಿಗೆ ದೀರ್ಘಕಾಲದ ಮಿಷನರಿ ಸೇವೆಗೆಂದು ಕುಟುಂಬಸಮೇತ ಹೊರಟಿರುವ ತಾವು, ಮೊದಲ ವರ್ಷದಲ್ಲೇ ಶಾಲೆ ಆರಂಭಿಸಬಹುದೇ ಎಂದು ಕೇಳಿದ್ದೀರಿ. ದಯವಿಟ್ಟು ಆತುರಪಡಬೇಡಿ. ಆರಂಭದ ವರ್ಷಗಳನ್ನು ಭಾಷೆ ಕಲಿಯುವುದಕ್ಕೂ, ನೆರೆಹೊರೆಯವರ ಮದುವೆ, ಸಾವು, ಕಾಯಿಲೆಗಳಲ್ಲಿ ಜೊತೆಗಿರುವುದಕ್ಕೂ ಮೀಸಲಿಡಿ. ಕೊಡುವವರಾಗಿಯೇ ಕಾಲಿಟ್ಟವರನ್ನು ಜನ ಬೇಗ ಗೌರವಿಸುತ್ತಾರೆ, ತಮ್ಮವರೆಂದು ಒಪ್ಪಿಕೊಳ್ಳುವುದು ಮಾತ್ರ ತಡವಾಗುತ್ತದೆ.

1834ರಲ್ಲಿ ಮಂಗಳೂರಿಗೆ ಬಂದ, ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರ ಅನುಭವವನ್ನು ತಾವು ಗಮನಿಸಬೇಕು. ಮತಾಂತರಗೊಂಡವರು ಜಾತಿಯೊಂದಿಗೆ ಕುಲಕಸುಬನ್ನೂ ಮನೆಯವರ ಆಸರೆಯನ್ನೂ ಕಳೆದುಕೊಂಡಾಗ, ಅವರ ಅನ್ನದ ಪ್ರಶ್ನೆ ಮಿಷನ್ನಿನ ಬಾಗಿಲಿಗೇ ಬಂದು ನಿಂತಿತು. ನೇಯ್ಗೆಯ ಉದ್ಯಮವೂ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆಯೂ ಹುಟ್ಟಿದ್ದರ ಹಿಂದೆ ಈ ಒತ್ತಡವಿತ್ತು. ದುಡಿಮೆ ಸಿಕ್ಕಿತು, ನಿಜ. ಆದರೆ ಉಪದೇಶ ಮಾಡುವವರೂ ಸಂಬಳ ಕೊಡುವವರೂ ಒಂದೇ ಸಂಸ್ಥೆಯವರಾದಾಗ, ಕೆಲಸಗಾರನೊಬ್ಬ ತನ್ನ ಭಿನ್ನಾಭಿಪ್ರಾಯವನ್ನು ಮನಬಿಚ್ಚಿ ಹೇಳುವುದು ಎಷ್ಟು ಕಷ್ಟವೆಂದು ಯೋಚಿಸಿ ನೋಡಿ. ಅದೇ ಮಿಷನ್ 1851ರಲ್ಲಿ ಸ್ಥಳೀಯರಾದ ಆನಂದರಾವ್ ಕೌಂಡಿನ್ಯರಿಗೆ ಪಾದ್ರಿ ದೀಕ್ಷೆ ನೀಡಿದ್ದು ನನಗೆ ಹೆಚ್ಚು ದೂರದೃಷ್ಟಿಯ ಹೆಜ್ಜೆಯಾಗಿ ಕಾಣುತ್ತದೆ.

ಶಾಲೆ ಬೇಕೆಂದು ಅಲ್ಲಿಯವರೇ ಕೇಳಲಿ. ಕೇಳಿದಾಗ ಆಡಳಿತ ಸಮಿತಿಯಲ್ಲೂ ಲೆಕ್ಕಪತ್ರದಲ್ಲೂ ಮೊದಲ ದಿನದಿಂದಲೇ ಅವರಿರಲಿ.